ನಲ್ಲಿಯ ಹತ್ತಿರ ಎರಡು ಕಡ್ಡಿ

ಮಾರ್ಚ್ ೬, ಗುರುವಾರ

ಇದನ್ನು ಯಾರೂ ಓದಬಾರದು. ಕದ್ದು ಓದಿದವರ ಕಣ್ಣಿಗೆ ಸೋಪಿನ ನೀರು ಬೀಳಲಿ. ಮಗಳು ಅರ್ಧಕ್ಕೆ ಬಿಟ್ಟ ರಸಾಯನಶಾಸ್ತ್ರದ ನೋಟುಬುಕ್ಕು ಇದು, ಹಿಂದಿನ ಪುಟದಿಂದ ಬರೆಯುತ್ತಿದ್ದೇನೆ. ಮೂರು ದಿನದಿಂದ ಬಾಯಿ ಬಿಟ್ಟರೆ ಬೈಗುಳವೇ ಬರುತ್ತಿದೆ. ಮನೆಯವರು ಪಾಪ, ಚಹಾ ಕೊಟ್ಟದ್ದಕ್ಕೂ ಬೈಸಿಕೊಂಡರು.

ಸೋಮವಾರ, ನಾವೆಲ್ಲ ಇಸ್ತ್ರಿ ಅಣ್ಣ ಎಂದು ಕರೆಯುತ್ತಿದ್ದವರು ಹೋಗಿಬಿಟ್ಟರು. ಆಸ್ಪತ್ರೆಯ ಎರಡನೇ ನೆಲಮಾಳಿಗೆಯಲ್ಲಿ, ನಮ್ಮ ಬಟ್ಟೆ ಒಗೆಯುವ ವಿಭಾಗದಲ್ಲಿ, ಇಪ್ಪತ್ತಾರು ವರ್ಷ ನಿಂತು ಕೆಲಸ ಮಾಡಿದ, ಹೊದಿಕೆಗಳನ್ನು ಬಿಸಿ ಉರುಳೆಯಡಿ ಹಾಯಿಸುವ ಉರುಳೆ ಇಸ್ತ್ರಿಯ ಪಕ್ಕದಲ್ಲೇ. ನಾನು ಅಲ್ಲಿನ ಮೇಲ್ವಿಚಾರಕಿ. ಊಟದ ಹೊತ್ತು. ಉಳಿದ ಏಳೂ ಜನ ಮೇಲೆ ಹೋಗಿದ್ದರು. ಕೆಳಗೆ ಮೊಬೈಲಿಗೆ ಸಿಗ್ನಲ್ ಇಲ್ಲವಲ್ಲ, ಒಂದು ಗಂಟೆ ಆಯಿತೆಂದರೆ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಎಲ್ಲರೂ ಮೇಲಕ್ಕೆ ಓಟ. ತುತ್ತಿಗಿಂತ ಮೊದಲು ಮೆಸೇಜು. ಅಣ್ಣನಿಗೆ ಆ ಚಟ ಇರಲಿಲ್ಲ, ನನಗೆ ಕೆಲಸ ಉಳಿದಿತ್ತು. ಅಣ್ಣ ಎದೆ ಹಿಡಿದುಕೊಂಡು ಗೋಡೆಗೆ ಒರಗಿದರು, ಹಾಗೇ ಜಾರಿ ಕೂತರು.

ಮೊಬೈಲ್ ತೆಗೆದೆ, ಏನೂ ಇಲ್ಲ. ಕಾರಿಡಾರಿನ ಕೊನೆಯ ನಲ್ಲಿಯ ಹತ್ತಿರ ಯಾವಾಗಲೂ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ, ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿಗೆ ಓಡಿದೆ. ಅವತ್ತು ಅಲ್ಲೂ ಇಲ್ಲ! ಎತ್ತಿ ಹಿಡಿದೆ, ಮೂಲೆಗೆ ಹೋದೆ, ನಂಬರ್ ಒತ್ತಿದೆ, ಮತ್ತೆ ಒತ್ತಿದೆ. ಇನ್ನೇನು ಬರುತ್ತದೆ, ಇನ್ನೇನು ಬರುತ್ತದೆ ಎಂದು ಪೆದ್ದಿಯ ಹಾಗೆ ಅಲ್ಲೇ ನಿಂತೆ. ಕೊನೆಗೆ ಮೆಟ್ಟಿಲು ಹತ್ತಿ ತುರ್ತು ಚಿಕಿತ್ಸೆಯ ಬಾಗಿಲಿಗೇ ಓಡಿದೆ. ಅವರನ್ನು ಕರೆದುಕೊಂಡು ಇಳಿಯುವಷ್ಟರಲ್ಲಿ ಅಣ್ಣನ ಉಸಿರಿರಲಿಲ್ಲ. ಇಸ್ತ್ರಿ ಯಂತ್ರ ನಿಂತದ್ದು ಒಂದು ಗಂಟೆ ಹನ್ನೆರಡು ನಿಮಿಷಕ್ಕೆ, ಅದರ ಗಡಿಯಾರದಲ್ಲಿ ಇದೆ. ತುರ್ತು ಚಿಕಿತ್ಸೆಯವರ ಪುಸ್ತಕದಲ್ಲಿ ನಾನು ಬಂದದ್ದು ಒಂದು ಇಪ್ಪತ್ತೊಂದಕ್ಕೆ.

ಆಸ್ಪತ್ರೆಯ ಒಳಗೆ, ಡಾಕ್ಟರುಗಳಿಗೆ ಎರಡೇ ಅಂತಸ್ತು ಕೆಳಗೆ! ಯಾರಿಗಾದರೂ ಹೇಳಿದರೆ ನಂಬುವ ಮಾತಾ ಇದು?

ನಮ್ಮಲ್ಲಿ ಗೋಡೆ ಫೋನ್ ಒಂದಿತ್ತು. ಹೋದ ವರ್ಷ ಹಬೆ ಹೊಕ್ಕು ಕೆಟ್ಟಿತು. "ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ" ಎಂದು ಆಡಳಿತಾಧಿಕಾರಿ ಕಿತ್ತು ಹಾಕಿಸಿದರು. ನಾನೂ ಹೂಂ ಎಂದು ತಲೆಯಾಡಿಸಿದ್ದೆ.

ಮಾರ್ಚ್ ೭, ಶುಕ್ರವಾರ

ನಿನ್ನೆ ಬರೆಯಬೇಕಾದದ್ದನ್ನು ಬರೆಯಲಿಲ್ಲ. ನನ್ನ ನೋಟುಬುಕ್ಕಿಗೇ ನಾನು ಹೆದರಿದರೆ ಹೇಗೆ?

ಮಂಗಳವಾರ ಕಚೇರಿಯಲ್ಲಿ ಗುಮಾಸ್ತ ನನ್ನ ಹೇಳಿಕೆ ಬರೆದುಕೊಂಡ. ಪಕ್ಕದ ಕುರ್ಚಿಯಲ್ಲಿ ಅತ್ತಿಗೆ ಕೂತಿದ್ದಳು, ಅಣ್ಣನ ಹೆಂಡತಿ. ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕುವ ಕೆಲಸ ಅವಳದು. ಕೈಯ ಬಿಳಿ ಪುಡಿಯನ್ನೂ ತೊಳೆದುಕೊಳ್ಳದೆ ಹಿಂದಿನ ದಿನ ಓಡಿ ಬಂದಿದ್ದಳು, ಮಂಗಳವಾರವೂ ಉಗುರಲ್ಲಿ ಅದು ಹಾಗೇ ಇತ್ತು. ಗುಮಾಸ್ತ ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ ಅವಳು ಕೇಳಿದಳು.

"ಹೋಗೋವಾಗ ಅವರ ಹತ್ರ ಯಾರಿದ್ರು? ಒಬ್ರೇ ಇದ್ರಾ?"

ಆ ಮುಖ ನೋಡಿಕೊಂಡು ಯಾವ ಬಾಯಿಂದ ಹೌದು ಅನ್ನಲಿ?

"ನಾನಿದ್ದೆ ಅತ್ತಿಗೆ. ಕೈ ಹಿಡ್ಕೊಂಡೇ ಇದ್ದೆ. ಕೂತಲ್ಲಿಂದಲೇ ಫೋನ್ ಮಾಡಿದೆ, ಕೂಡಲೇ ಬಂದ್ರು. ಅಣ್ಣ ನಿಮ್ಮ ಹೆಸರೇ ಹೇಳ್ತಾ ಇದ್ರು."

ಒಂದು ಸುಳ್ಳು ಕೇಳಿದರೆ ನಾಲ್ಕು ಕೊಟ್ಟೆ. ಅತ್ತಿಗೆ ನನ್ನ ಎರಡೂ ಕೈಗಳನ್ನು ಕಣ್ಣಿಗೆ ಒತ್ತಿಕೊಂಡಳು. ಗುಮಾಸ್ತ ಎಲ್ಲ ಬರೆದುಕೊಂಡ. ಸಹಿ ಹಾಕಿದೆ.

ಇವತ್ತು ಊಟದ ಹೊತ್ತಿಗೆ ನಾನೂ ಎಲ್ಲರ ಜೊತೆ ಮೇಲೆ ಹೋದೆ. ಕೆಳಗೆ ಒಬ್ಬಳೇ ಕೂರುವುದು ನನ್ನ ಕೈಲಾಗದು. ಉರುಳೆ ಇಸ್ತ್ರಿಯ ಕಡೆ ತಲೆಯೆತ್ತಿಯೂ ನೋಡಿಲ್ಲ.

ಮಾರ್ಚ್ ೧೨, ಬುಧವಾರ

ಆಡಳಿತಾಧಿಕಾರಿಗೆ ಅರ್ಜಿ ಕೊಟ್ಟೆ: ನೆಲಮಾಳಿಗೆಗೆ ಮೊಬೈಲ್ ಸಿಗ್ನಲ್ ಬರುವ ವ್ಯವಸ್ಥೆ ಮಾಡಿಸಬೇಕು ಎಂದು. ಅವರಿಗೆ ನಮ್ಮಲ್ಲಿ 'ನೋಡೋಣ ಸಾಹೇಬರು' ಎಂದೇ ಹೆಸರು. ಏನು ಕೇಳಿದರೂ ನೋಡೋಣ. ಅವರ ಮನೆಯಲ್ಲಿ ಊಟಕ್ಕೆ ಕರೆದರೂ ನೋಡೋಣ ಅನ್ನುತ್ತಾರೇನೋ. ಆದರೆ ಇವತ್ತು ಅದನ್ನೂ ಅನ್ನಲಿಲ್ಲ. ಕಪಾಟಿನಿಂದ ಒಂದು ಕಾಗದ ತೆಗೆದು ನನ್ನ ಮುಂದೆ ತಿರುಗಿಸಿ ಇಟ್ಟರು.

"ಘಟನೆಯ ವರದಿ ಅಮ್ಮಾ. ನೀವೇ ಹೇಳಿದ್ದೀರಲ್ಲ, ಕೂತಲ್ಲಿಂದಲೇ ಫೋನ್ ಮಾಡಿದೆ, ಕೂಡಲೇ ಬಂದ್ರು ಅಂತ. ಇಲ್ನೋಡಿ, ನಿಮ್ಮ ಸಹಿ. ಸಿಗ್ನಲ್ ಇಲ್ಲದೆ ಫೋನ್ ಹೋಯ್ತಾ?"

ನನಗೆ ಹನ್ನೊಂದು ವರ್ಷದಿಂದ ಈ ಬಾಯಿಯೇ ಬಂಡವಾಳ. ಧೋಬಿಗಳ ಸಂಘದವರ ಜೊತೆ, ಸೋಪು ಸರಬರಾಜಿನವನ ಜೊತೆ ಜಗಳಾಡಿ ಗೆದ್ದ ಬಾಯಿ. ಇವತ್ತು ಅದಕ್ಕೆ ಬೀಗ ಬಿತ್ತು. "ನೋಡ್ತೀನಿ ಸಾರ್" ಎಂದು ಎದ್ದು ಬಂದೆ. ಅವರ ಮಾತನ್ನು ಅವರಿಗೇ ಹೇಳಿ ಬಂದೆನಲ್ಲ ಎಂದು ಮೆಟ್ಟಿಲಲ್ಲಿ ಹೊಳೆಯಿತು. ನಗು ಬರಲಿಲ್ಲ.

ಮಾರ್ಚ್ ೧೩, ಗುರುವಾರ

ಬರೆಯಲು ಮನಸ್ಸಿಲ್ಲ. ಸುಳ್ಳು ಹೇಳಿದ್ದು ಅತ್ತಿಗೆಗೆ, ಅದನ್ನು ಜೋಪಾನವಾಗಿ ಇಟ್ಟುಕೊಂಡವರು ಸಾಹೇಬರು.

ಮಾರ್ಚ್ ೧೮, ಮಂಗಳವಾರ

ತಲೆ ಮೇಲೆ ಕೈ ಹೊತ್ತು ಕೂತರೆ ಸಿಗ್ನಲ್ ಬರುವುದಿಲ್ಲ. ಕಲೆ ಗುರುತು ಮಾಡುವ ಸೀಮೆಸುಣ್ಣ ತೆಗೆದುಕೊಂಡು ಹೊರಟೆ. ಎರಡೂ ನೆಲಮಾಳಿಗೆಗಳಲ್ಲಿ ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುವುದು, ಮೊಬೈಲ್ ನೋಡುವುದು, ಸಿಗ್ನಲ್ ಇಲ್ಲದಿದ್ದರೆ ನೆಲದ ಮೇಲೆ ಗುಣಿಸು ಚಿಹ್ನೆಯ ಹಾಗೆ ಕಾಟು ಹಾಕುವುದು. ಮೂರು ದಿನ ಹಿಡಿಯಿತು. ಒಟ್ಟು ತೊಂಬತ್ತೆರಡು ಜಾಗ, ಎಂಬತ್ತೊಂದು ಕಾಟು.

ನಾನು ನೆಲ ನೋಡಿಕೊಂಡು ಸುತ್ತುವುದನ್ನು ಕಂಡು ಒಗೆಯುವವಳು ಒಬ್ಬಳು, "ಅಕ್ಕಾ, ಕಿವಿ ಓಲೆ ಕಳ್ಕೊಂಡ್ರಾ?" ಎಂದಳು. ಶವಾಗಾರದ ಕಾವಲುಗಾರನ ಬಾಗಿಲಲ್ಲಿ ಕಾಟು ಹಾಕಿದಾಗ ಅವನು ಗಂಭೀರವಾಗಿ ಹೇಳಿದ, "ನಮ್ಮ ಕಡೆಯವರಿಂದ ಈ ಬಗ್ಗೆ ಇದುವರೆಗೆ ಒಂದೂ ದೂರು ಬಂದಿಲ್ಲ ಅಕ್ಕ." ನಕ್ಕೆ. ಎರಡು ವಾರದಲ್ಲಿ ಮೊದಲ ಸಲ.

ಆದರೆ ಒಂದನೇ ನೆಲಮಾಳಿಗೆಯ ಸ್ಕ್ಯಾನಿಂಗ್ ವಿಭಾಗದ ನರ್ಸ್ ಹೇಳಿದ್ದು ನಗುವ ಮಾತಲ್ಲ. ರೋಗಿಯನ್ನು ಗಾಲಿಮಂಚದಲ್ಲಿ ತಳ್ಳಿಕೊಂಡು ಬರುವಾಗ ಕಾರಿಡಾರಿನ ನಡುವೆ ಏನಾದರೂ ಆದರೆ ಅವಳು ಕೂಗುತ್ತಾಳಂತೆ. "ಮೂವತ್ತು ವರ್ಷದ ನೌಕರಿ ಅಕ್ಕ, ಗಂಟಲೊಂದೇ ನನಗೆ ಟೆಲಿಫೋನು. ನೀವು ಕೇಳೋವರೆಗೂ ಯಾರೂ ಕೇಳ್ಲಿಲ್ಲ." ನನಗೂ ಈ ಹನ್ನೊಂದು ವರ್ಷದಲ್ಲಿ ಅವಳನ್ನು ಏನೂ ಕೇಳಬೇಕೆನಿಸಿರಲಿಲ್ಲ.

ಊಟಕ್ಕೆ ಪಾಳಿ ಹಾಕಿದ್ದೇನೆ. ಇನ್ನು ಮೇಲೆ ಕೆಳಗೆ ಯಾವ ಹೊತ್ತಿಗೂ ಮೂವರಿಗಿಂತ ಕಡಿಮೆ ಇರಕೂಡದು. ಗೊಣಗುವವರು ಗೊಣಗಿಕೊಳ್ಳಲಿ.

ಮಾರ್ಚ್ ೨೫, ಮಂಗಳವಾರ

ಕಾಟುಗಳ ನಕ್ಷೆಯನ್ನು ಮಗಳ ಕೈಯಲ್ಲಿ ಚಂದ ಮಾಡಿ ಬರೆಸಿ ಸಾಹೇಬರ ಮೇಜಿನ ಮೇಲೆ ಇಟ್ಟಿದ್ದೆ. ಅದರ ಫಲವೋ ನನ್ನ ಕಾಟವೋ, ಇವತ್ತು ಸಿಗ್ನಲ್ ಅಳೆಯುವವರನ್ನು ಕರೆಸಿದರು. ಐವತ್ತು ದಾಟಿದ ಮನುಷ್ಯ, ಬೆನ್ನಿಗೊಂದು ಚೀಲ, ಕೈಯಲ್ಲೊಂದು ಮೀಟರು. ಪ್ರತಿಯೊಂದಕ್ಕೂ ಪಾಠ ಮಾಡುತ್ತಾರೆ, ಹಾಗಾಗಿ ಅರ್ಧ ಗಂಟೆಯಲ್ಲೇ ನಮ್ಮವರು 'ಆಂಟೆನಾ ಮೇಷ್ಟ್ರು' ಎಂದು ನಾಮಕರಣ ಮಾಡಿದರು.

ಮೇಷ್ಟ್ರು ನಲ್ಲಿಯ ಹತ್ತಿರ ನಿಂತರು. ಮೀಟರು ನೋಡಿದರು. "ಇಲ್ಲಿ ಪರವಾಗಿಲ್ಲಮ್ಮ. ಕರೆ ಹೋಗತ್ತೆ."

"ಹೋಗಲ್ಲ."

"ಮೀಟರ್ ಸುಳ್ಳು ಹೇಳಲ್ಲ."

"ನಾನೂ ಹೇಳ್ತಿಲ್ಲ! ಅವತ್ತು ಇಲ್ಲೇ ನಿಂತು ಇಪ್ಪತ್ತು ಸಲ ಒತ್ತಿದೀನಿ" ಎಂದು ಕೂಗಾಡಿದೆ. ಸಾಹೇಬರು ಪಕ್ಕದಲ್ಲೇ ಇದ್ದರು. ಒತ್ತಿದ್ದು ನಲ್ಲಿಯ ಹತ್ತಿರ ಎಂದು ಬಾಯಿ ತಪ್ಪಿ ಹೇಳಿದ್ದನ್ನು ಅವರು ಗಮನಿಸಿದರೋ ಇಲ್ಲವೋ ಗೊತ್ತಿಲ್ಲ. ನಲ್ಲಿಯ ಹತ್ತಿರ ಸಿಗುತ್ತಲ್ಲ, ಸಾಕಲ್ಲ ಎಂದು ಹೊರಟೇಬಿಟ್ಟರು.

ಮೇಷ್ಟ್ರು ಉಳಿದರು. ಚೀಲ ಕಟ್ಟುತ್ತಾ ಮೆಲ್ಲಗೆ ಕೇಳಿದರು, "ಅವತ್ತು ಏನಾದರೂ ಬೇರೆ ಇತ್ತೇನಮ್ಮ? ಯಾವುದಾದರೂ ಬಾಗಿಲು, ಕಪಾಟು, ದೊಡ್ಡ ಕಬ್ಬಿಣ?"

ನಾನು ಕಾರಿಡಾರಿನ ಕಡೆ ನೋಡಿದೆ. ಅಲ್ಲಿ ಎರಡು ಉಕ್ಕಿನ ಬಾಗಿಲುಗಳಿವೆ, ಬೆಂಕಿ ಬಿದ್ದರೆ ಹರಡದ ಹಾಗೆ ತಡೆಯುವುದಕ್ಕೆ. ಅವು ಮುಚ್ಚಿರಬೇಕು ಎಂದು ನಿಯಮ. ಆದರೆ ದಿನಕ್ಕೆ ನೂರು ಸಲ ಬಟ್ಟೆ ಗಾಡಿ ತಳ್ಳುವವರಿಗೆ ನೂರು ಸಲ ಬಾಗಿಲು ತಳ್ಳುವ ತಾಳ್ಮೆ ಎಲ್ಲಿಂದ ಬರಬೇಕು? ಹಾಗಾಗಿ ಎರಡಕ್ಕೂ ಒಂದೊಂದು ತುಂಬಿದ ಗಾಡಿ ಒತ್ತು ಕೊಟ್ಟು ತೆರೆದೇ ಇಡುತ್ತೇವೆ. ನಾನು ಬಂದಾಗಿನಿಂದ ಹೀಗೇ.

ಗಾಡಿಗಳನ್ನು ಎಳೆದೆ. ಬಾಗಿಲುಗಳು ಧಡ್ ಎಂದು ಮುಚ್ಚಿಕೊಂಡವು. ಮೇಷ್ಟ್ರ ಮೀಟರಿನಲ್ಲಿ ಅಂಕಿಗಳು ಇಳಿದು ಗೆರೆಯಾದವು.

ಮಾರ್ಚ್ ೨೬, ಬುಧವಾರ

ಮಾರ್ಚ್ ಮೂರರಂದು, ಅಣ್ಣ ಹೋದ ದಿನ, ಬೆಳಿಗ್ಗೆ ಬೆಂಕಿ ಸುರಕ್ಷತೆಯ ತಪಾಸಣೆಯವರು ಬರುವವರಿದ್ದರು. ಗಾಡಿಗಳನ್ನೆಲ್ಲ ತೆಗೆಯಿರಿ, ಬಾಗಿಲು ಮುಚ್ಚಿರಲಿ, ಯಾರಾದರೂ ತೆರೆದದ್ದು ಕಂಡರೆ ಚರ್ಮ ಸುಲಿಯುತ್ತೇನೆ ಎಂದು ಎಂಟು ಗಂಟೆಗೆ ಕೂಗಿದವಳು ನಾನು. ತಪಾಸಣೆಯವರು ಹನ್ನೊಂದಕ್ಕೆ ಬಂದು ಹೋದರು. ಬಾಗಿಲು ಆಮೇಲೂ ಮುಚ್ಚಿಯೇ ಇತ್ತು.

ವರ್ಷದಲ್ಲಿ ಒಂದು ದಿನ ನಿಯಮ ಪಾಲಿಸಿದೆವು. ಆ ಒಂದೇ ದಿನ.

ನಾನೇ ಮುಚ್ಚಿಸಿದ್ದು. ನಾನೇ.

ಮಾರ್ಚ್ ೨೮, ಶುಕ್ರವಾರ

ಎರಡು ರಾತ್ರಿ ನಿದ್ದೆ ಬರಲಿಲ್ಲ. ಮನೆಯವರು ಹೊಲಿಗೆ ಯಂತ್ರದ ಮುಂದೆ ಕೂತು ಕೇಳಿಸಿಕೊಂಡರು. ಅವರು ಟೈಲರು, ಬಾಯಲ್ಲಿ ಸೂಜಿ ಕಚ್ಚಿಕೊಂಡೇ ನಲವತ್ತು ಪದದ ಬದಲು ನಾಲ್ಕು ಪದ ಆಡುತ್ತಾರೆ. "ಬಾಗಿಲು ಮುಚ್ಚಿದ್ದು ತಪ್ಪಲ್ಲ" ಎಂದರು. ದಾರ ಕತ್ತರಿಸಿ, "ಸುಳ್ಳು ಬಿಚ್ಚು. ಹೊಲಿಗೆ ವಕ್ರ ಬಂದಿದೆ" ಎಂದರು. ಸಿಟ್ಟು ಬಂತು, ಎದ್ದು ಹೋದೆ. ಸರಿಯಾದದ್ದನ್ನು ಹೇಳಿದವರ ಮೇಲೆ ಬರುವಷ್ಟು ಸಿಟ್ಟು ಬೇರೆ ಯಾರ ಮೇಲೂ ಬರುವುದಿಲ್ಲ.

ಬೆಳಿಗ್ಗೆ ಸಾಹೇಬರಿಗೆ ಬಾಗಿಲಿನ ವಿಷಯ ಹೇಳಿದೆ. ಮುಖ ಅರಳಿತು. "ಹಾಗಾದ್ರೆ ಸುಲಭವಾಯ್ತಲ್ಲ! ಬಾಗಿಲು ತೆಗೆದೇ ಇಡಿ."

"ಸಾರ್, ಬೆಂಕಿಯ ಗಂಟೆ ಹೊಡೆದ್ರೆ ಗಾಡಿ ಎಳೆದು ಬಾಗಿಲು ಮುಚ್ಚಬೇಕು ಅಂತ ನೀವೇ ಬರೆದು ಗೋಡೆಗೆ ಅಂಟಿಸಿದ್ದೀರಿ. ಮುಚ್ಚಿದ್ರೆ ಸಿಗ್ನಲ್ ಹೋಗತ್ತೆ. ಮುಚ್ಚದಿದ್ರೆ ಹೊಗೆ ಒಳಗೆ ಬರತ್ತೆ. ಫೋನ್ ಬೇಕಾದವರು ಹೊಗೆ ಕುಡಿಯಬೇಕಾ?"

"ಗೋಡೆ ಫೋನ್ ಮತ್ತೆ ಹಾಕ್ಸಿದ್ರೆ?"

"ಹಾಕ್ಸಿ, ಬೇಡ ಅನ್ನಲ್ಲ. ಆದ್ರೆ ಗೋಡೆ ಫೋನ್ ಗೋಡೇಲಿ ಇರತ್ತೆ ಸಾರ್, ಮನುಷ್ಯ ಬಿದ್ದ ಕಡೆ ಇರಲ್ಲ. ಬಿದ್ದವನನ್ನು ಬಿಟ್ಟೇ ಹೋಗ್ಬೇಕು."

ಅವರು ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದರು. ಏಪ್ರಿಲ್ ನಾಲ್ಕಕ್ಕೆ ಸುರಕ್ಷತಾ ಸಮಿತಿಯ ಸಭೆ ಇದೆಯಂತೆ. ಮೇಷ್ಟ್ರು ವಿವರ ಹೇಳಬಹುದು: ಮೇಲ್ಛಾವಣಿಯಲ್ಲಿ ಆಂಟೆನಾ, ಅಲ್ಲಿಂದ ಕೆಳಗಿನವರೆಗೂ ಕೇಬಲ್ಲು, ಪ್ರತಿ ಕೋಣೆಯ ಸೂರಿನಲ್ಲಿ ತಟ್ಟೆಯಷ್ಟಗಲದ ಸಣ್ಣ ಆಂಟೆನಾ, ಕರೆಂಟು ಹೋದರೂ ನಡೆಯುವ ಬ್ಯಾಟರಿ, ಬೆಂಕಿ ಆರಿಸುವವರ ವಾಕಿಟಾಕಿಗೂ ಅದೇ ದಾರಿ. ಆದರೆ ಸಮಿತಿಯವರ ಮುಂದೆ ಮೊದಲು ಇರುವುದು ನನ್ನ ಸಹಿಯ ವರದಿ. ಕರೆ ಹೋಗಿದೆ ಎಂದು ಕಾಗದ ಹೇಳುವಾಗ ಯಾರು ಕೇಬಲ್ ಎಳೆಸುತ್ತಾರೆ?

"ಹೇಳಿಕೆ ಬದಲಿಸ್ತೀನಿ ಸಾರ್" ಎಂದೆ.

"ಯೋಚನೆ ಮಾಡಿ ಅಮ್ಮಾ. ಆ ಹೆಣ್ಣುಮಗಳಿಗೂ ಗೊತ್ತಾಗತ್ತೆ." ಇದನ್ನು ಅವರು ಹೆದರಿಸಲು ಹೇಳಿದರೋ, ಮರುಕದಿಂದ ಹೇಳಿದರೋ ತಿಳಿಯಲಿಲ್ಲ. ಮರುಕ ಎಂದೇ ಇಟ್ಟುಕೊಳ್ಳುತ್ತೇನೆ.

ಸಭೆಯಲ್ಲಿ ಅವಳಿಗೆ ಗೊತ್ತಾಗಬಾರದು. ಅದಕ್ಕೆ ಮುಂಚೆ ನಾನೇ ಹೇಳಬೇಕು.

ಮಾರ್ಚ್ ೩೦, ಭಾನುವಾರ

ಅತ್ತಿಗೆಯ ಮನೆಗೆ ಹೋದೆ. ಮೂರು ಸಲ ಬೀದಿಯ ತುದಿಯವರೆಗೆ ಹೋಗಿ ವಾಪಸು ಬಂದೆ. ನಾಲ್ಕನೇ ಸಲ ಅವಳೇ ಕಿಟಕಿಯಿಂದ ಕರೆದಳು, "ಏನು, ಬೀದಿ ಅಳೀತಿದ್ದೀಯಾ? ಬಾ ಒಳಗೆ."

ಚಹಾ ಮಾಡಿದಳು. ಅಣ್ಣನ ಅಂಗಿಗಳನ್ನು ಮಡಿಸಿ ಕುರ್ಚಿಯ ಮೇಲೆ ಇಟ್ಟಿದ್ದಳು, ನಮ್ಮ ವಿಭಾಗದಲ್ಲಿ ಮಡಿಸುವ ಹಾಗೇ, ತೋಳು ಒಳಗೆ. ಲೋಟ ಕೈಗೆ ಕೊಟ್ಟು ಎದುರು ಕೂತಳು. ನಾನು ಚಹಾ ಕುಡಿಯದೆ ಹೇಳಿದೆ. ಕುಡಿದುಬಿಟ್ಟರೆ ಹೇಳಲಾರೆ ಅನಿಸಿತು.

"ಅತ್ತಿಗೆ, ನಾನು ಕೈ ಹಿಡ್ಕೊಂಡಿರ್ಲಿಲ್ಲ. ಫೋನ್ ಹೋಗ್ಲಿಲ್ಲ. ಅಣ್ಣನ್ನ ಬಿಟ್ಟು ಓಡಿದೆ. ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಒಬ್ರೇ ಇದ್ರು."

ಬಾಗಿಲು ಮುಚ್ಚಿಸಿದ್ದನ್ನೂ ಹೇಳಿದೆ, ನಲ್ಲಿಯ ಹತ್ತಿರ ನಿಂತು ನಂಬರ್ ಒತ್ತುತ್ತಾ ಹೊತ್ತು ಕಳೆದದ್ದನ್ನೂ.

"ನನ್ನ ಹೆಸರು ಹೇಳ್ತಿದ್ರು ಅಂದ್ಯಲ್ಲ?"

"ಇಲ್ಲ."

ನನ್ನ ಕೈಯಿಂದ ಲೋಟ ತೆಗೆದುಕೊಂಡಳು. ಚಹಾವನ್ನು ತೊಟ್ಟಿಗೆ ಸುರಿದಳು. "ಇಪ್ಪತ್ತಾರು ದಿನ ನಾನು ಅದನ್ನೇ ನೆನ್ಕೊಂಡು ಮಲಗ್ತಿದ್ದೆ" ಎಂದಳು. "ಹೋಗು."

"ಅತ್ತಿಗೆ..."

"ಹೋಗು ಅಂದೆ."

ಬಂದೆ. ದಾರಿಯಲ್ಲಿ ಅತ್ತೆ. ಜನ ನೋಡಿದರು, ನೋಡಲಿ. ಹೇಳಿದ್ದಕ್ಕೆ ಹಗುರವಾಗುತ್ತದೆ ಎನ್ನುವವರ ಬಾಯಿಗೆ ಮಣ್ಣು ಹಾಕ. ಹಗುರವೇನೂ ಆಗಲಿಲ್ಲ. ಆದರೂ ಬರುವ ಶುಕ್ರವಾರ ಸಭೆಗೆ ಹೋಗಿಯೇ ಹೋಗುತ್ತೇನೆ.

ಏಪ್ರಿಲ್ ೪, ಶುಕ್ರವಾರ

ಉದ್ದನೆಯ ಮೇಜು, ಏಳು ಜನ. ದೊಡ್ಡ ಡಾಕ್ಟರಮ್ಮನ ಅಧ್ಯಕ್ಷತೆ. ನಾನು ಒಗೆದ ಸಮವಸ್ತ್ರವನ್ನೇ ಹಾಕಿಕೊಂಡು ಹೋಗಿದ್ದೆ. ಮೇಷ್ಟ್ರು ನಕ್ಷೆಯನ್ನು ಗೋಡೆಗೆ ಅಂಟಿಸಿ ಪಾಠ ಶುರು ಮಾಡಿದರು, ನಿಲ್ಲಿಸುವುದೇ ಕಷ್ಟವಾಯಿತು. ಆಮೇಲೆ ನಾನು ಎದ್ದು ಹೊಸ ಹೇಳಿಕೆ ಓದಿದೆ.

ಒಬ್ಬರು ಕನ್ನಡಕ ಏರಿಸಿ ಕೇಳಿದರು, "ಅವತ್ತು ಒಂದು ಹೇಳಿದ್ರಿ, ಇವತ್ತು ಇನ್ನೊಂದು. ನಾವು ಯಾವುದನ್ನು ನಂಬೋದು? ಕೆಲಸದ ಜಾಗದಲ್ಲಿ ಸುಳ್ಳು ಹೇಳಿಕೆಗೆ ಶಿಕ್ಷೆ ಇದೆ, ಗೊತ್ತಲ್ಲ?"

"ಗೊತ್ತು. ಶಿಕ್ಷೆ ಕೊಡಿ. ಕೇಬಲ್ಲೂ ಹಾಕ್ಸಿ."

ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದು. ತಿರುಗಿದರೆ ಅತ್ತಿಗೆ! ಯಾವಾಗ ಬಂದಳೋ, ಯಾರು ಹೇಳಿದರೋ. ಸಾಹೇಬರ ಮುಖ ನೋಡಿದೆ, ಅವರು ಪೆನ್ನು ನೋಡುತ್ತಿದ್ದರು.

"ನಾನು ಸತ್ತವರ ಹೆಂಡ್ತಿ" ಎಂದಳು. "ಇವಳು ನನ್ನ ಮುಖ ನೋಡಿ ಸುಳ್ಳು ಹೇಳಿದ್ಲು. ನನಗೆ ಇವಳ ಮೇಲೆ ಇನ್ನೂ ಸಿಟ್ಟಿದೆ, ಅದು ಬೇರೆ ಲೆಕ್ಕ. ಆದ್ರೆ ಆ ಸುಳ್ಳು ನನಗೆ ಬೇಕಿತ್ತು. ಗಂಡನ್ನ ಕಳ್ಕೊಂಡಿದ್ದೆ, ಬೇಕಿತ್ತು. ನಿಮಗ್ಯಾಕೆ ಬೇಕಾಯ್ತು? ತುರ್ತು ಚಿಕಿತ್ಸೆಯವರ ಪುಸ್ತಕ ಇದೇ ಕಟ್ಟಡದಲ್ಲಿದೆ. ಒಬ್ರಾದ್ರೂ ತೆಗೆದು ನೋಡಿದ್ರಾ, ಫೋನ್ ಬಂತಾ, ಇವಳೇ ಓಡಿ ಬಂದ್ಲಾ ಅಂತ?"

ಡಾಕ್ಟರಮ್ಮ ಪುಸ್ತಕ ತರಿಸಿದರು. 'ಒಂದು ಇಪ್ಪತ್ತೊಂದು, ಬಟ್ಟೆ ವಿಭಾಗದ ಮೇಲ್ವಿಚಾರಕಿ ಖುದ್ದು ಬಂದು ತಿಳಿಸಿದರು' ಎಂದಿತ್ತು. ಒಂದು ತಿಂಗಳಿನಿಂದ ಅಲ್ಲೇ ಇತ್ತು.

ನನಗೆ ಎಚ್ಚರಿಕೆಯ ಪತ್ರ. ನೆಲಮಾಳಿಗೆಗೆ ಆಂಟೆನಾ ವ್ಯವಸ್ಥೆ, ಮೇ ತಿಂಗಳೊಳಗೆ. ಎರಡಕ್ಕೂ ಸಹಿ ಹಾಕಿ ಬಂದೆ, ಈ ಸಲ ಓದಿ ಹಾಕಿದೆ.

ಅತ್ತಿಗೆ ನನ್ನ ಜೊತೆ ಮಾತಾಡದೆ ಹೋದಳು. ಅವಳ ಬೆನ್ನ ಹಿಂದೆ ಓಡಲಿಲ್ಲ. ಅವಳಿಗೆ ಬೇಕಾದಷ್ಟು ದಿನ ಸಿಟ್ಟು ಇಟ್ಟುಕೊಳ್ಳಲಿ.

ಏಪ್ರಿಲ್ ೧೭, ಗುರುವಾರ

ಬಾಗಿಲಿಗೆ ಗಾಡಿ ಒತ್ತು ಕೊಡುವುದನ್ನು ನಿಲ್ಲಿಸಿದ್ದೇವೆ. ಕೇಬಲ್ ಬರುವವರೆಗೆ ನಲ್ಲಿಯ ಹತ್ತಿರವೂ ಸಿಗ್ನಲ್ ಇಲ್ಲ. ಸಾಹೇಬರು ಗೋಡೆ ಫೋನ್ ಹಾಕಿಸಿದ್ದಾರೆ. ಎಲ್ಲರೂ ಬಾಗಿಲು ತಳ್ಳಿ ತಳ್ಳಿ ಭುಜ ನೋವು ಎನ್ನುತ್ತಾರೆ. ಮಧ್ಯಾಹ್ನವೆಲ್ಲ ಉರುಳೆಯ ಹತ್ತಿರ ನಾನೇ ನಿಂತೆ, ಈಗ ಅಲ್ಲಿ ಕೆಲಸ ಮಾಡುವವಳಿಗೆ ಜ್ವರ. ನಾನ್ನೂರು ಹೊದಿಕೆ ಮುಗಿಯಿತು. ತುರ್ತು ಚಿಕಿತ್ಸೆಯ ನರ್ಸ್ ಬಂದು, ಹೃದಯ ನಿಂತವರ ಎದೆ ಒತ್ತುವುದನ್ನು ಎಲ್ಲರಿಗೂ ಕಲಿಸಿದಳು. "ಎರಡೂ ಕೈ ಬೇಕು, ಬಿಟ್ಟು ಏಳಬಾರದು" ಎಂದಳು. ನಾನು ಮೂರು ಸಲ ಮಾಡಿದೆ.

ಮೇ ೨೦, ಮಂಗಳವಾರ

ಸೂರಿನಲ್ಲಿ ತಟ್ಟೆಗಳು ಬಂದಿವೆ. ಇವತ್ತು ಪರೀಕ್ಷೆ. ಬಾಗಿಲು ಎರಡೂ ಮುಚ್ಚಿ, ಕರೆಂಟು ತೆಗೆದು, ಬ್ಯಾಟರಿಯ ಮೇಲೆ. ಯಾರಾದರೂ ರೋಗಿಯ ಹಾಗೆ ಮಲಗಬೇಕಲ್ಲ, ಎಲ್ಲರೂ ಹಿಂದೆ ಸರಿದರು. ಕೊನೆಗೆ ನೋಡೋಣ ಸಾಹೇಬರೇ ಕೋಟು ಬಿಚ್ಚಿ ನೆಲದ ಮೇಲೆ ಮಲಗಿದರು. "ಸಾರ್, ಸತ್ತ ಹಾಗೆ ಇರಿ, ಕಣ್ಣು ಮುಚ್ಚಿ" ಎಂದು ಒಗೆಯುವವಳು ಹೇಳಿದ್ದಕ್ಕೆ ಮಲಗಿದಲ್ಲಿಂದಲೇ "ನೋಡೋಣ" ಎಂದರು. ಬಿದ್ದು ಬಿದ್ದು ನಕ್ಕೆವು.

ನಾನು ಮಂಡಿಯೂರಿದೆ. ಮೊಬೈಲನ್ನು ನೆಲದ ಮೇಲೆ ಇಟ್ಟು ಸ್ಪೀಕರ್ ಹಾಕಿ ಒತ್ತಿದೆ. ಒಂದೇ ರಿಂಗು.

"ತುರ್ತು ಚಿಕಿತ್ಸೆ, ಹೇಳಿ, ಎಲ್ಲಿಂದ?"

"ಬಟ್ಟೆ ವಿಭಾಗ. ಎರಡನೇ ನೆಲಮಾಳಿಗೆ. ಉರುಳೆ ಇಸ್ತ್ರಿಯ ಪಕ್ಕ."

"ಬರ್ತಿದ್ದೀವಿ. ನೀವು ಅವರ ಹತ್ರಾನೇ ಇರಿ."

ಇದ್ದೆ. ಸಾಹೇಬರ ಎದೆಯ ಮೇಲೆ ಕೈ ಇಟ್ಟು ಒತ್ತುವ ಹಾಗೆ ಮಾಡುತ್ತಾ, ಗಟ್ಟಿಯಾಗಿ ಎಣಿಸುತ್ತಾ ಇದ್ದೆ. ಎರಡು ನಿಮಿಷ ನಲವತ್ತು ಸೆಕೆಂಡಿಗೆ ಬಾಗಿಲು ತಳ್ಳಿಕೊಂಡು ಬಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಳು ತಡೆಯಲಾಗಲಿಲ್ಲ. ಇಷ್ಟೇ ಬೇಕಾಗಿತ್ತು ನಮ್ಮ ಅಣ್ಣನಿಗೆ, ಇಷ್ಟೇ. ಸಾಹೇಬರು ಎದ್ದು ಕೂತು ತಮ್ಮ ಕರವಸ್ತ್ರ ಕೊಟ್ಟರು. ಚೆನ್ನಾಗಿ ಇಸ್ತ್ರಿಯಾಗಿರಲಿಲ್ಲ.

ಮೇ ೨೩, ಶುಕ್ರವಾರ

ಊಟದ ಹೊತ್ತು. ಈಗ ಯಾರೂ ಮೇಲೆ ಹೋಗುವುದಿಲ್ಲ, ಎಲ್ಲರೂ ಕೆಳಗೇ ಡಬ್ಬಿ ಬಿಚ್ಚಿ ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ನಾನು ಉರುಳೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದೆ. ಮೊಬೈಲ್ ಹೊಡೆದುಕೊಂಡಿತು. ಅತ್ತಿಗೆ.

"ಎಲ್ಲಿದ್ದೀಯಾ?"

"ಕೆಳಗೆ ಅತ್ತಿಗೆ. ಕೆಲಸದ ಕಡೆ."

"ಕೆಳಗೆ ಅಂದ್ರೆ ಕೆಳಗೇನಾ? ಅವರಿದ್ದ ಕಡೆ?"

"ಅಲ್ಲೇ. ಬಾಗಿಲೂ ಮುಚ್ಚಿದೆ."

ಅವಳ ಹಿಂದೆ ಗಾಜು ತಿಕ್ಕುವ ಯಂತ್ರದ ಸದ್ದು ಕೇಳುತ್ತಿತ್ತು.

"ಅವತ್ತು ನಿನ್ನ ಪೂರ್ತಿ ಹೇಳೋಕೆ ಬಿಡ್ಲಿಲ್ಲ ನಾನು. ನನ್ನ ಹೆಸರು ಹೇಳ್ಲಿಲ್ಲ, ಸರಿ. ಮತ್ತೇನಂದ್ರು? ನೀನು ಓಡೋಕೆ ಮುಂಚೆ. ನಿಜ ಹೇಳು. ಏನಿದ್ರೂ ಪರವಾಗಿಲ್ಲ."

ಈ ನೋಟುಬುಕ್ಕಿನಲ್ಲೂ ನಾನು ಅದನ್ನು ಬರೆದಿಲ್ಲ. ಸಾಯುವ ಮನುಷ್ಯನ ಕೊನೆಯ ಮಾತು ಇಷ್ಟೇನಾ ಎಂದು ಅವಳಿಗೆ ಅನಿಸೀತು ಎಂಬ ಸಂಕಟ.

"'ಸ್ವಿಚ್ ಆರ್ಸು, ಹೊದಿಕೆ ಸುಟ್ಟೋಗತ್ತೆ' ಅಂದ್ರು."

ಅತ್ತ ಕಡೆ ಯಂತ್ರ ನಿಂತಿತು. ಆಮೇಲೆ ಒಂದು ಸದ್ದು, ನಗುವೋ ಅಳುವೋ. ಎರಡೂ ಇದ್ದಿರಬೇಕು.

"ಅವರೇ" ಎಂದಳು ಅತ್ತಿಗೆ. "ಅವರೇ ಕಣೇ. ನನ್ನ ಹೆಸರು ಹೇಳ್ತಿದ್ರು ಅಂದಾಗ ನನಗೆ ಯಾರೋ ಪರಗಂಡಸಿನ ವಿಷಯ ಕೇಳ್ದಂಗಾಗಿತ್ತು." ಮೂಗು ಒರೆಸಿಕೊಂಡಳು. "ಆರ್ಸಿದ್ಯಾ?"

"ಆರ್ಸಿದೆ ಅತ್ತಿಗೆ. ಅದನ್ನ ಆರ್ಸಿ, ಅವರಿಗೆ ಕಾಣೋ ಹಾಗೆ ಕೈ ತೋರ್ಸಿ, ಆಮೇಲೆ ಓಡಿದೆ."

"ನೋಡಿದ್ರಾ?"

"ನೋಡಿದ್ರು. ಹೂಂ ಅಂದ್ರು."

"ಹಾಗಾದ್ರೆ ಸಮಾಧಾನವಾಗಿ ಕೂತಿರ್ತಾರೆ ಬಿಡು" ಎಂದಳು.

ಹನ್ನೆರಡು ನಿಮಿಷ ಮಾತಾಡಿದೆವು. ಭಾನುವಾರ ಬಾ ಎಂದಿದ್ದಾಳೆ, ಚಹಾ ಈ ಸಲ ಕುಡಿಯಲೇಬೇಕಂತೆ. ಮಾತು ಮುಗಿಯುವಷ್ಟರಲ್ಲಿ ಊಟದ ಹೊತ್ತು ಮುಗಿದಿತ್ತು, ಎಲ್ಲರೂ ಎದ್ದು ಗಾಡಿ ಹಿಡಿದಿದ್ದರು. ನಾನೂ ಎದ್ದು ಉರುಳೆಯ ಸ್ವಿಚ್ ಹಾಕಿದೆ.